ಗರಿ, ಉಣ್ಣೆ, ಗಾಳಿ: ಬ್ಯಾಡ್ಮಿಂಟನ್ ಆಟ ಒಳಾಂಗಣ ಸೇರಿದ ಬಗೆ

ಕನ್ನಡ ನಾಡಿನ ಆಡುಮಾತಿನಲ್ಲಿ ಬ್ಯಾಡ್ಮಿಂಟನ್ ಎಂಬ ಒಂದೇ ಹೆಸರು ಎರಡು ಆಟಗಳಿಗೆ ಸಲ್ಲುತ್ತದೆ. ಗರಿಯ ಕಾಕ್ ಹಿಡಿದು ಆಡುವುದಕ್ಕೆ ಶಟಲ್ ಬ್ಯಾಡ್ಮಿಂಟನ್ ಅಥವಾ ಬರಿದೇ ಶಟಲ್ ಎಂದೂ, ಹಳದಿ ಉಣ್ಣೆಯ ಚೆಂಡಿನಿಂದ ಆಡುವುದಕ್ಕೆ ಬಾಲ್ ಬ್ಯಾಡ್ಮಿಂಟನ್ ಎಂದೂ ಹೇಳುವುದು ರೂಢಿ. ಜಗತ್ತಿನ ಬಹುಪಾಲು ದೇಶಗಳಲ್ಲಿ ಎರಡನೆಯ ಆಟವೇ ಇಲ್ಲದ ಕಾರಣ ಅಲ್ಲಿಯವರಿಗೆ ಹೀಗೆ ಬೇರ್ಪಡಿಸಿ ಹೇಳುವ ಅಗತ್ಯ ಬಿದ್ದಿಲ್ಲ; ದಕ್ಷಿಣ ಭಾರತದಲ್ಲಿ ಮಾತ್ರ ಶಾಲೆಯ ಮೈದಾನದಲ್ಲಿ ಒಂದು, ಛಾವಣಿಯ ಕೆಳಗೆ ಇನ್ನೊಂದು ಎಂಬಂತೆ ಎರಡೂ ಬದುಕಿಕೊಂಡು ಬಂದಿವೆ. ಈ ಜೋಡಿ ಹೆಸರಿನ ಬೆನ್ನು ಹತ್ತಿ ಹೋದರೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಟ ಕವಲೊಡೆದ ಜಾಗವೊಂದು ಸಿಗುತ್ತದೆ. ಆ ಕವಲಿಗೆ ಕಾರಣವಾದದ್ದು ಆಟಗಾರರ ಅಭಿರುಚಿಗಿಂತ ಹೆಚ್ಚಾಗಿ ಗಾಳಿ.

ಗಾಳಿಗೂ ಈ ಆಟಕ್ಕೂ ಇರುವ ಹಗೆ ಅರ್ಥವಾಗಬೇಕಾದರೆ ಮೊದಲು ಶಟಲ್ ಕಾಕ್ ಎಂಬ ವಸ್ತುವನ್ನು ನೋಡಬೇಕು. ಶಟಲ್ ಎಂದರೆ ನೇಕಾರನ ಮಗ್ಗದ ಲಾಳಿ. ಲಾಳಿಯಂತೆ ಅತ್ತಿಂದಿತ್ತ ಓಡಾಡುವ, ತಲೆಯ ಮೇಲೆ ಹುಂಜದ ಹಾಗೆ ಗರಿಗಳನ್ನು ಹೊತ್ತ ವಸ್ತುವಾದ್ದರಿಂದ ಇಂಗ್ಲಿಷರು ಅದಕ್ಕೆ ಲಾಳಿ ಮತ್ತು ಹುಂಜ ಎರಡನ್ನೂ ಕೂಡಿಸಿ ಹೆಸರಿಟ್ಟರು. ಬೆಂಡಿನ ಬುಡವೊಂದಕ್ಕೆ ಹೆಬ್ಬಾತಿನ ಅಥವಾ ಬಾತುಕೋಳಿಯ ಹದಿನಾರು ಗರಿಗಳನ್ನು ಸುತ್ತಲೂ ನೆಟ್ಟು, ದಾರದಿಂದ ಬಿಗಿದು ಇದನ್ನು ಮಾಡುತ್ತಾರೆ. ಗರಿಗಳ ಬಾಗು ಒಂದೇ ದಿಕ್ಕಿಗಿದ್ದರೆ ಮಾತ್ರ ಕಾಕ್ ಹಾರುವಾಗ ಒಂದೇ ದಿಕ್ಕಿಗೆ ತಿರುಗುವುದರಿಂದ ಒಂದು ಕಾಕ್‌ಗೆ ಹಕ್ಕಿಯ ಎಡರೆಕ್ಕೆಯ ಗರಿಗಳನ್ನಷ್ಟೇ ಅಥವಾ ಬಲರೆಕ್ಕೆಯ ಗರಿಗಳನ್ನಷ್ಟೇ ಬಳಸಬೇಕು, ಎರಡನ್ನೂ ಬೆರೆಸುವಂತಿಲ್ಲ. ಇಷ್ಟೆಲ್ಲ ಕೂಡಿದರೂ ಅದರ ತೂಕ ನಿಯಮದ ಪ್ರಕಾರ 4.74 ಗ್ರಾಮಿನಿಂದ 5.50 ಗ್ರಾಮಿನೊಳಗೆ ನಿಲ್ಲಬೇಕು. ಬಲವಾದ ಸ್ಮ್ಯಾಷ್ ಹೊಡೆತದಲ್ಲಿ, ಅಂದರೆ ತಲೆಯ ಮೇಲಿನಿಂದ ಕೆಳಮುಖವಾಗಿ ಬೀಸುವ ಏಟಿನಲ್ಲಿ, ಇದು ಬ್ಯಾಟಿನಿಂದ ಹೊರಡುವಾಗ ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ಹೊರಟರೂ ಗರಿಯ ಕೊಡೆ ಗಾಳಿಯನ್ನು ತಡೆದು ಹಿಡಿಯುವುದರಿಂದ ಕೆಲವೇ ಮೀಟರ್‌ಗಳಲ್ಲಿ ಆ ವೇಗದ ಬಹುಪಾಲು ಕರಗಿಹೋಗುತ್ತದೆ. ಆಟದ ಸೊಗಸೆಲ್ಲ ಇರುವುದು ಈ ಕರಗುವಿಕೆಯಲ್ಲೇ. ಅದರ ಸಂಕಟವೂ ಅಲ್ಲೇ. ಐದು ಗ್ರಾಮಿನ ಕೊಡೆಗೆ ಸಣ್ಣ ತಂಗಾಳಿ ತಾಗಿದರೂ ಕುಶಲಿಯ ಲೆಕ್ಕ ತಪ್ಪಿಹೋಗುತ್ತದೆ.

ಗರಿ ಚುಚ್ಚಿದ ಗುಂಡನ್ನು ಗಾಳಿಯಲ್ಲಿ ತೇಲಿಸುತ್ತ ಆಡುವುದು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಚೀನಾದಲ್ಲಿ ಅದನ್ನು ಕಾಲಿನಿಂದ ಒದ್ದು ನೆಲಕ್ಕೆ ಬೀಳದಂತೆ ಕಾಯುವ ಆಟ ಬಹಳ ಹಳೆಯದು. ಜಪಾನಿನ ಹೆಣ್ಣುಮಕ್ಕಳು ಹೊಸವರ್ಷದ ದಿನಗಳಲ್ಲಿ ಚಿತ್ತಾರದ ಮರದ ಹಲಗೆ ಹಿಡಿದು ಹಾನೆತ್ಸುಕಿ ಎಂಬ ಆಟ ಆಡುತ್ತಾರೆ. ಫ್ರೆಂಚ್ ಚಿತ್ರಕಾರ ಶಾರ್ದ್ಯಾಁ 1737ರಲ್ಲಿ ಬರೆದ ಪ್ರಸಿದ್ಧ ಚಿತ್ರವೊಂದರಲ್ಲಿ ಬಾಲೆಯೊಬ್ಬಳು ಒಂದು ಕೈಯಲ್ಲಿ ಬ್ಯಾಟು, ಇನ್ನೊಂದರಲ್ಲಿ ಗರಿಯ ಕಾಕ್ ಹಿಡಿದು ನಿಂತಿದ್ದಾಳೆ. ಇಂಗ್ಲೆಂಡಿನಲ್ಲಿ ಈ ಮಕ್ಕಳಾಟಕ್ಕೆ ಬ್ಯಾಟಲ್‌ಡೋರ್ ಮತ್ತು ಶಟಲ್‌ಕಾಕ್ ಎಂಬ ಹೆಸರಿತ್ತು. ಬ್ಯಾಟಲ್‌ಡೋರ್ ಎಂಬುದು ಮೂಲದಲ್ಲಿ ಬಟ್ಟೆ ಒಗೆಯುವಾಗ ಬಡಿಯಲು ಬಳಸುತ್ತಿದ್ದ ಮರದ ಹಲಗೆಯ ಹೆಸರಾದ್ದರಿಂದ, ಅಗಸರ ಕೈಯ ಸಾಧನವೇ ಮಕ್ಕಳ ಕೈಗೆ ಬಂದು ಬ್ಯಾಟಾಯಿತು ಎನ್ನಬಹುದು. ಈ ಆಟಗಳಲ್ಲಿ ಬಹುಮಟ್ಟಿಗೆ ಒಂದು ಸಮಾನ ಅಂಶವಿದೆ: ಆಡುವವರು ಎದುರಾಳಿಗಳಲ್ಲ, ಜೊತೆಗಾರರು. ಕಾಕ್ ಕೆಳಗೆ ಬೀಳದಂತೆ ಇಬ್ಬರೂ ಸೇರಿ ಎಷ್ಟು ಹೊತ್ತು ಕಾಪಾಡಬಲ್ಲರು ಎಂಬುದೇ ಲೆಕ್ಕ. ನಡುವೆ ಒಂದು ಹಗ್ಗವನ್ನೋ ಬಲೆಯನ್ನೋ ಕಟ್ಟಿ, ಎದುರಿನವನ ಕಡೆ ಕಾಕ್ ಬೀಳಿಸುವುದೇ ಗೆಲುವು ಎಂದು ಯಾರೋ ನಿಶ್ಚಯಿಸಿದ ಗಳಿಗೆಯಲ್ಲಿ ಬ್ಯಾಡ್ಮಿಂಟನ್ ಹುಟ್ಟಿತು.

ಆ ‘ಯಾರೋ’ ಎಲ್ಲಿಯವರು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತ್ಯವೂ ಭಾರತದ ಪುಣೆಯೂ ಎರಡು ಉತ್ತರಗಳಾಗಿ ನಿಲ್ಲುತ್ತವೆ. ಬ್ಯಾಡ್ಮಿಂಟನ್ ಎಂಬುದು ಗ್ಲಾಸ್ಟರ್‌ಶೈರಿನ ಒಂದು ಹಳ್ಳಿ. ಅಲ್ಲಿ ಬೋಫರ್ಟಿನ ಡ್ಯೂಕರ ಮನೆತನದ ಬ್ಯಾಡ್ಮಿಂಟನ್ ಹೌಸ್ ಎಂಬ ದೊಡ್ಡ ಮಹಲಿದೆ. 1860ರ ದಶಕದ ಒಂದು ಮಳೆಯ ದಿನ ಹೊರಗೆ ಹೋಗಲಾರದ ಮನೆಮಂದಿ ಮಹಲಿನ ಹಜಾರದಲ್ಲಿ ಹಗ್ಗ ಕಟ್ಟಿಕೊಂಡು ಆಡಿದರೆಂದೂ, ಗೋಡೆಯ ಮೇಲಿನ ಚಿತ್ರಗಳಿಗೆ ಪೆಟ್ಟಾಗದಿರಲೆಂದು ಚೆಂಡಿನ ಬದಲು ಕಾಕ್ ಬಳಸಿದರೆಂದೂ, ಇಂದಿನ ಅಂಕಣದ ಅಳತೆ ಆ ಹಜಾರದ್ದೇ ಎಂದೂ ಹೇಳುವ ಕತೆಗಳು ಹೇರಳವಾಗಿವೆ. ಆಟಕ್ಕೆ ಹೆಸರು ಬಂದದ್ದು ಆ ಮಹಲಿನಿಂದ ಎಂಬುದರಲ್ಲಿ ಸಂಶಯವಿಲ್ಲ. ಉಳಿದ ವಿವರಗಳು ಮಾತ್ರ ದೊಡ್ಡ ಮನೆತನಗಳ ಸುತ್ತ ಬೆಳೆಯುವ ಕತೆಗಳ ಹದಕ್ಕೆ ತೀರ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಮಹಲಿನಿಂದ ಬಂದದ್ದು ಹೆಸರು, ನಿಯಮಗಳು ಬಂದದ್ದು ದಂಡಿನ ಪಾಳೆಯಗಳಿಂದ ಎಂದು ಹೇಳುವುದು ಹೆಚ್ಚು ಸುರಕ್ಷಿತ. ಆ ಕಾಲದಲ್ಲಿ ಆಟಕ್ಕೆ ಪೂನಾ ಎಂಬ ಇನ್ನೊಂದು ಹೆಸರೂ ಚಲಾವಣೆಯಲ್ಲಿತ್ತು, ಮತ್ತು 1873ರ ಸುಮಾರಿಗೆ ಮೊದಲ ನಿಯಮಾವಳಿ ಸಿದ್ಧವಾದದ್ದು ಪುಣೆಯ ಬ್ರಿಟಿಷ್ ಅಧಿಕಾರಿಗಳ ನಡುವೆ.

ಪುಣೆ ಮುಂಬಯಿ ಪ್ರಾಂತದ ಮಳೆಗಾಲದ ರಾಜಧಾನಿಯಾಗಿತ್ತು. ಗವರ್ನರರ ಪರಿವಾರ, ದಂಡಿನ ಅಧಿಕಾರಿಗಳು, ಅವರ ಕುಟುಂಬಗಳು ಎಲ್ಲರೂ ಅಲ್ಲಿ ಸೇರುತ್ತಿದ್ದ ತಿಂಗಳುಗಳಲ್ಲೇ ಪಶ್ಚಿಮ ಘಟ್ಟ ದಾಟಿ ಬರುವ ಗಾಳಿಯೂ ಜೋರು. ಬಯಲಿನಲ್ಲಿ ಬಲೆ ಕಟ್ಟಿ ಗರಿಯ ಕಾಕ್ ಹೊಡೆದವರಿಗೆ ಅದು ತಮ್ಮ ಮಾತು ಕೇಳದೆ ಗಾಳಿಯ ಮಾತು ಕೇಳುತ್ತದೆ ಎಂಬುದು ತಿಳಿಯಲು ಬಹಳ ದಿನ ಹಿಡಿದಿರಲಾರದು. ಅದಕ್ಕೆ ಅವರು ಹೂಡಿದ ಉಪಾಯಗಳು ಕುತೂಹಲಕರವಾಗಿವೆ: ಕಾಕ್‌ನ ಬುಡಕ್ಕೆ ರಬ್ಬರಿನ ಹೊದಿಕೆ ಹಾಕಿದರು, ಹೊರಗೆ ಆಡುವಾಗ ಕೆಲವೊಮ್ಮೆ ಸೀಸ ಸೇರಿಸಿ ತೂಕ ಹೆಚ್ಚಿಸಿದರು, ಗಾಳಿ ಬೀಸುವ ಅಥವಾ ತೇವದ ದಿನಗಳಲ್ಲಿ ಗರಿಯನ್ನೇ ಬಿಟ್ಟು ಉಣ್ಣೆಯ ಚೆಂಡು ಹಿಡಿದರು. ಕೊನೆಯ ಉಪಾಯ ಪುಣೆಯಲ್ಲಿ ತಾತ್ಕಾಲಿಕವಾಗಿತ್ತು, ದಕ್ಷಿಣದಲ್ಲಿ ಶಾಶ್ವತವಾಯಿತು. ತಂಜಾವೂರಿನ ರಾಜಮನೆತನದಲ್ಲಿ 1856ರಷ್ಟು ಹಿಂದೆಯೇ ಉಣ್ಣೆಯ ಚೆಂಡಿನ ಆಟ ನಡೆಯುತ್ತಿತ್ತೆಂದು ಬಾಲ್ ಬ್ಯಾಡ್ಮಿಂಟನ್ನಿನ ಪರಂಪರೆ ಹೇಳಿಕೊಳ್ಳುತ್ತದೆ. ಗಾಳಿಯನ್ನು ಒಪ್ಪಿಕೊಂಡು ಚೆಂಡನ್ನು ಬದಲಿಸುವುದು ಒಂದು ದಾರಿ, ಕಾಕ್ ಉಳಿಸಿಕೊಂಡು ಗಾಳಿಯನ್ನು ಹೊರಗಿಡುವುದು ಇನ್ನೊಂದು ದಾರಿ. ಅಲ್ಲಿಂದಾಚೆಗೆ ಒಂದೇ ಆಟ ಎರಡಾಯಿತು.

ಎರಡನೆಯ ದಾರಿ ಹಿಡಿದದ್ದು ಇಂಗ್ಲೆಂಡ್. ಭಾರತದಿಂದ ಮರಳಿದ ಅಧಿಕಾರಿಗಳು 1875ರ ವೇಳೆಗೆ ಫೋಕ್‌ಸ್ಟನ್ ಎಂಬ ಕಡಲತೀರದ ಪಟ್ಟಣದಲ್ಲಿ ಒಂದು ಕ್ಲಬ್ಬು ಕಟ್ಟಿಕೊಂಡಿದ್ದರು, ಮತ್ತು ದಕ್ಷಿಣ ಇಂಗ್ಲೆಂಡಿನ ನಿವೃತ್ತ ಸೈನಿಕರ ಊರುಗಳಲ್ಲಿ ಆಟ ಮೆಲ್ಲಗೆ ಹರಡಿತು. ಮೊದಮೊದಲು ಒಂದು ಕಡೆಗೆ ಒಬ್ಬರಿಂದ ನಾಲ್ವರವರೆಗೆ ಎಷ್ಟು ಮಂದಿ ಬೇಕಾದರೂ ಇರಬಹುದಿತ್ತು. ಬಲೆ ನೆಲ ಮುಟ್ಟುವಂತಿದ್ದರೆ ಒಳ್ಳೆಯದೆಂಬ ಭಾವನೆಯಿತ್ತು. ಎಲ್ಲಕ್ಕಿಂತ ವಿಚಿತ್ರವಾಗಿದ್ದದ್ದು ಅಂಕಣದ ಆಕಾರ. ಎರಡೂ ತುದಿಗಳಲ್ಲಿ ಅಗಲವಾಗಿ, ಬಲೆಯ ಬಳಿ ಸೊಂಟದಂತೆ ಕಿರಿದಾಗುವ ಈ ಅಂಕಣ ಡಮರುವನ್ನು ನೆನಪಿಸುತ್ತಿತ್ತು. ಆಡುತ್ತಿದ್ದ ಕೋಣೆಯ ಬಾಗಿಲುಗಳು ನಡುಮಧ್ಯದಲ್ಲಿ ಒಳಮುಖವಾಗಿ ತೆರೆದುಕೊಳ್ಳುತ್ತಿದ್ದದ್ದರಿಂದ ಓಡಾಟಕ್ಕೆ ಅಡ್ಡಿಯಾಗದಂತೆ ಅಲ್ಲಿ ಗೆರೆಯನ್ನು ಒಳಕ್ಕೆ ಎಳೆದರೆಂಬ ವಿವರಣೆ ಪ್ರಚಲಿತವಾಗಿದೆ. ಆಟಕ್ಕೆಂದು ಕಟ್ಟಡವಿರದೆ ಕಟ್ಟಡಕ್ಕೆ ತಕ್ಕಂತೆ ಆಟವನ್ನು ಕತ್ತರಿಸಿದ ಕಾಲವದು. ಡಮರುವಿನ ಈ ಸೊಂಟ 1901ರಲ್ಲಷ್ಟೇ ನೇರವಾಗಿ, ಅಂಕಣ ಇಂದಿನ ಆಯತಾಕಾರಕ್ಕೆ ಬಂದಿತು: ಉದ್ದ 44 ಅಡಿ, ಅಂದರೆ 13.4 ಮೀಟರ್; ಅಗಲ ಇಬ್ಬಿಬ್ಬರ ಆಟವಾದ ಡಬಲ್ಸ್‌ಗೆ 20 ಅಡಿ, ಒಬ್ಬೊಬ್ಬರ ಆಟವಾದ ಸಿಂಗಲ್ಸ್‌ಗೆ 17 ಅಡಿ; ಬಲೆಯ ಎತ್ತರ ನಡುವಿನಲ್ಲಿ 5 ಅಡಿ.

ಪುಣೆಯ ನಿಯಮಗಳೇ 1887ರವರೆಗೆ ನಡೆದವು. ಆ ವರ್ಷ ಬಾತ್ ಪಟ್ಟಣದ ಕ್ಲಬ್ಬಿನ ಜೆ. ಎಚ್. ಇ. ಹಾರ್ಟ್ ಅವುಗಳನ್ನು ಪರಿಷ್ಕರಿಸಿದರು. 1893ರ ಸೆಪ್ಟೆಂಬರ್ 13ರಂದು ಪೋರ್ಟ್ಸ್‌ಮತ್ ನಗರದ ಡನ್‌ಬಾರ್ ಎಂಬ ಹೆಸರಿನ ಮನೆಯಲ್ಲಿ ಇಂಗ್ಲೆಂಡಿನ ಬ್ಯಾಡ್ಮಿಂಟನ್ ಸಂಸ್ಥೆ ರೂಪುಗೊಂಡು, ಪರಿಷ್ಕೃತ ನಿಯಮಗಳನ್ನು ಪ್ರಕಟಿಸಿತು. 1899ರಲ್ಲಿ ಆರಂಭವಾದ ಆಲ್ ಇಂಗ್ಲೆಂಡ್ ಪಂದ್ಯಾವಳಿಯಲ್ಲಿ ಮೊದಲ ವರ್ಷ ಡಬಲ್ಸ್ ಮಾತ್ರ ಇದ್ದು, ಸಿಂಗಲ್ಸ್ ಮರುವರ್ಷ ಸೇರಿತು. ಆ ಮೊದಲ ಪಂದ್ಯಾವಳಿ ನಡೆದದ್ದು ಲಂಡನ್ನಿನಲ್ಲಿ ಸ್ವಯಂಸೇವಕ ಸೈನಿಕರು ಕವಾಯತು ಮಾಡುತ್ತಿದ್ದ ಒಂದು ಭವನದಲ್ಲಿ. ಮುಂದೆ ಎರಡನೆಯ ಮಹಾಯುದ್ಧದವರೆಗೂ ಬಹಳ ವರ್ಷ ಅದಕ್ಕೆ ನೆಲೆಯಾದದ್ದು ತೋಟಗಾರಿಕಾ ಸಂಘದವರ ಪ್ರದರ್ಶನ ಭವನ. ಕವಾಯತಿನ ಸಾಲೆ, ಹೂವಿನ ಪ್ರದರ್ಶನದ ಮನೆ, ಚರ್ಚಿನ ಸಭಾಂಗಣ ಹೀಗೆ ಬೇರೆಯವರ ಛಾವಣಿಯ ಕೆಳಗೆ ಬಿಡುವಿನ ಹೊತ್ತಿನಲ್ಲಿ ಜಾಗ ಬೇಡಿ ಬೆಳೆದ ಆಟ ಇದೆಂಬುದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಇದೇ ಕತೆ ಮುಂದೆ ಬೆಂಗಳೂರಿನಲ್ಲೂ ಮರುಕಳಿಸಲಿದೆ.

1934ರಲ್ಲಿ ಒಂಬತ್ತು ಸದಸ್ಯರಿಂದ ಕೂಡಿದ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದಾಗ ನಿಯಮಗಳ ತವರಾದ ಭಾರತ ಅದರಲ್ಲಿರಲಿಲ್ಲ, ಸೇರಿದ್ದು 1936ರಲ್ಲಿ. ಒಕ್ಕೂಟದ ಮೊದಲ ಅಧ್ಯಕ್ಷ ಸರ್ ಜಾರ್ಜ್ ಥಾಮಸ್ ಚದುರಂಗದಲ್ಲೂ ಹೆಸರಾಂತರಾಗಿದ್ದ ಅಪರೂಪದ ಆಟಗಾರ. ಅವರು ಕೊಡಮಾಡಿದ ಥಾಮಸ್ ಕಪ್ ಪುರುಷರ ತಂಡಗಳಿಗೆ ಮೀಸಲಾದದ್ದು. ಯುದ್ಧದಿಂದಾಗಿ ತಡವಾಗಿ 1948–49ರಲ್ಲಿ ಮೊದಲ ಬಾರಿ ನಡೆದಾಗ ಅದನ್ನು ಗೆದ್ದದ್ದು ಮಲಯ. 1950ರಲ್ಲಿ ಮಲಯದ ವಾಂಗ್ ಪೆಂಗ್ ಸೂನ್ ಆಲ್ ಇಂಗ್ಲೆಂಡ್ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಏಷ್ಯನ್ನರಾದರು; 1958ರಲ್ಲಿ ಇಂಡೋನೇಷ್ಯಾ ಥಾಮಸ್ ಕಪ್ ಗೆದ್ದ ಮೇಲೆ ಆಟದ ಯಜಮಾನಿಕೆ ಬಹುಮಟ್ಟಿಗೆ ಪೂರ್ವಕ್ಕೆ ಸರಿಯಿತು. ಅಧಿಕಾರಿಗಳ ಕ್ಲಬ್ಬಿನ ವಿನೋದವಾಗಿದ್ದದ್ದು ಆ ದೇಶಗಳಲ್ಲಿ ಇಡೀ ಜನತೆಯ ಆಟವಾದದ್ದೇ ಈ ಬದಲಾವಣೆಯ ಮೂಲ. ಭಾರತದಲ್ಲಿ ಅಂಥ ಹರಹು ಬಹುಕಾಲ ಒದಗಲಿಲ್ಲ. ಬಿಡಿ ಬಿಡಿ ಪ್ರತಿಭೆಗಳು ಮಾತ್ರ ಮಿಂಚಿದವು. ಲಾಹೋರಿನ ಪ್ರಕಾಶ್ ನಾಥ್ 1947ರ ಆಲ್ ಇಂಗ್ಲೆಂಡ್ ಫೈನಲ್ ತಲುಪಿ ಸ್ವೀಡನ್ನಿನ ಕಾನಿ ಜೆಪ್ಸೆನ್‌ಗೆ ಸೋತರು. ಅದೇ ವರ್ಷದ ದೇಶವಿಭಜನೆ ಅವರ ಊರನ್ನೇ ಕಸಿದುಕೊಂಡಿತು. ನಂದು ನಾಟೇಕರ್ 1956ರಲ್ಲಿ ಮಲಯದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು, ದಿನೇಶ್ ಖನ್ನಾ 1965ರಲ್ಲಿ ಲಖನೌದಲ್ಲಿ ಏಷ್ಯನ್ ಚಾಂಪಿಯನ್ ಆದರು.

ಕರ್ನಾಟಕದ ಅಧ್ಯಾಯ ಆರಂಭವಾಗುವುದು ಮತ್ತೊಮ್ಮೆ ಬೇರೆಯವರ ಛಾವಣಿಯ ಕೆಳಗೆ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ ಮದುವೆ ಮುಂಜಿಗಳಿಲ್ಲದ ದಿನಗಳಲ್ಲಿ ಶಟಲ್ ಆಟ ನಡೆಯುತ್ತಿತ್ತು. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಹಲವು ವರ್ಷ ನಡೆಸಿದ ರಮೇಶ್ ಪಡುಕೋಣೆಯವರ ಮಗ, 1955ರಲ್ಲಿ ಹುಟ್ಟಿದ ಪ್ರಕಾಶ್ ಪಡುಕೋಣೆ, ಬ್ಯಾಟು ಹಿಡಿಯಲು ಕಲಿತದ್ದು ಅಲ್ಲೇ. ಇಂದು ಮಂಟಪ ಖಾಲಿಯೋ ಇಲ್ಲವೋ ಎಂದು ನೋಡಿಕೊಂಡು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದುದನ್ನು ಅವರು ಮುಂದೆ ಸ್ಮರಿಸಿದ್ದಾರೆ. ಕುಂದಾಪುರ ಸೀಮೆಯ ಪಡುಕೋಣೆ ಎಂಬ ಹಳ್ಳಿಯ ಹೆಸರು ಹೊತ್ತ ಈ ಹುಡುಗ 1970ರ ದಶಕದಲ್ಲಿ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದುದೂ, 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದುದೂ ಕನ್ನಡಿಗರಿಗೆ ಗೊತ್ತಿರುವ ಸಂಗತಿಗಳೇ. ಅವರ ಆಟದ ಬಗೆಯನ್ನು ಮಾತ್ರ ಇಲ್ಲಿ ತುಸು ನಿಂತು ನೋಡಬೇಕು.

1980ರ ಮಾರ್ಚಿನಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್‌ಗಳನ್ನು ಗೆದ್ದು ಲಂಡನ್ನಿನ ವೆಂಬ್ಲಿಗೆ ಬಂದ ಪ್ರಕಾಶ್, ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಸಿದ್ದು ಹಿಂದಿನ ಎರಡು ವರ್ಷ ಪ್ರಶಸ್ತಿ ಗೆದ್ದಿದ್ದ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು. ಕಿಂಗ್ ನೆಲ ಬಿಟ್ಟು ನೆಗೆದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು; ಅಂದರೆ ಕಾಕ್ ಹೊರಡುವ ಕ್ಷಣದ ವೇಗವೇ ಅವರ ಬಂಡವಾಳ. ಪ್ರಕಾಶ್ ನೆಚ್ಚಿದ್ದು ಆ ವೇಗ ಕರಗಿದ ನಂತರದ ಕಾಕ್ ಅನ್ನು. ಹಿಂದಿನ ಗೆರೆಯವರೆಗೆ ಎತ್ತಿ ಕಳಿಸುವ ಟಾಸ್, ಅದೇ ಬೀಸಿನಲ್ಲಿ ಕೊನೆಯ ಗಳಿಗೆಗೆ ಮಣಿಕಟ್ಟು ಸಡಿಲಿಸಿ ಬಲೆಯ ಬುಡಕ್ಕೆ ಇಳಿಸುವ ಡ್ರಾಪ್, ಮೂಲೆಯಿಂದ ಮೂಲೆಗೆ ಎದುರಾಳಿಯನ್ನು ಅಲೆಸುವ ತಾಳ್ಮೆ ಇವುಗಳಿಂದ ಅವರು 15–3, 15–10ರಲ್ಲಿ ಗೆದ್ದರು. ಸರ್ವಿಸ್ ಮಾಡುವವನಿಗೆ ಮಾತ್ರ ಅಂಕ ಸಿಗುತ್ತಿದ್ದ ಅಂದಿನ ಪದ್ಧತಿಯಲ್ಲಿ, ಅಂದರೆ ಎದುರಾಳಿಯ ಸರ್ವಿಸ್ ಮುರಿದರೆ ಅಂಕವಿಲ್ಲದೆ ಸರ್ವಿಸ್ ಮಾಡುವ ಹಕ್ಕಷ್ಟೇ ದೊರೆಯುತ್ತಿದ್ದ ಕಾಲದಲ್ಲಿ, ಮೊದಲ ಗೇಮಿನಲ್ಲಿ ಮೂರೇ ಅಂಕ ಪಡೆದ ಕಿಂಗ್ ಅವರ ಸೋಲು ಎಷ್ಟು ಭಾರಿಯದೆಂಬುದು 2006ರಿಂದ ಪ್ರತಿ ರ‍್ಯಾಲಿಗೂ ಅಂಕವಿರುವ 21ರ ಆಟ ನೋಡಿ ಬೆಳೆದವರಿಗೆ ಸುಲಭವಾಗಿ ಹೊಳೆಯಲಾರದು. ಭಾರತೀಯನೊಬ್ಬ ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಈ ಶೈಲಿಗೂ ಬೆಂಗಳೂರಿಗೂ ನಂಟು ಹುಡುಕುವ ಆಸೆ ಸಹಜ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಗಾಳಿ ಕರಾವಳಿಯ ಗಾಳಿಗಿಂತ ತೆಳುವಾದ್ದರಿಂದ ಕಾಕ್ ಇಲ್ಲಿ ಹೆಚ್ಚು ದೂರ ಓಡುತ್ತದೆ, ಹಾಗಾಗಿ ನಿಧಾನಗತಿಯ ಕಾಕ್‌ಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಇಂಥ ಊರಿನಲ್ಲಿ ಬಲಕ್ಕಿಂತ ಹತೋಟಿ ಮುಖ್ಯವಾಗುತ್ತದೆ ಎನ್ನಬಹುದಾದರೂ ಒಬ್ಬ ಆಟಗಾರನ ಪ್ರತಿಭೆಯನ್ನು ಊರಿನ ಎತ್ತರಕ್ಕೆ ಕಟ್ಟಿಹಾಕುವುದು ಅತಿಯಾದೀತು. ಬೆಂಗಳೂರಿನ ನಿಜವಾದ ಕೊಡುಗೆ ಬಂದದ್ದು ಆಮೇಲೆ. ಪ್ರಕಾಶ್ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜೊತೆ ಸೇರಿ ಸ್ಥಾಪಿಸಿದ ಅಕಾಡೆಮಿ, ಕಲ್ಯಾಣ ಮಂಟಪದ ಬಿಡುವಿಗೆ ಕಾಯಬೇಕಿಲ್ಲದ ಅಂಕಣಗಳನ್ನು ಮುಂದಿನ ತಲೆಮಾರಿಗೆ ಒದಗಿಸಿತು. ಅಲ್ಲಿ ಪಳಗಿದ ಆಂಧ್ರದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಬಾಲಕನಾಗಿದ್ದಾಗಲೇ ಉತ್ತರಾಖಂಡದಿಂದ ಬಂದು ಸೇರಿದ ಲಕ್ಷ್ಯ ಸೇನ್, 2022ರ ಮೇ ತಿಂಗಳಲ್ಲಿ ಬ್ಯಾಂಕಾಕ್‌ನಲ್ಲಿ ಇಂಡೋನೇಷ್ಯಾವನ್ನು 3–0ರಿಂದ ಸೋಲಿಸಿ ಮೊದಲ ಬಾರಿ ಥಾಮಸ್ ಕಪ್ ಎತ್ತಿದ ಭಾರತ ತಂಡದಲ್ಲಿದ್ದರು. ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆಗೆ ಡಬಲ್ಸ್ ಕಂಚು ಗೆದ್ದರು.

ಇತ್ತ ಬಯಲಿನಲ್ಲಿ ಉಳಿದ ಕವಲಿನ ಚರಿತ್ರೆಯನ್ನು ಬರೆದವರು ಕಡಿಮೆ, ಆಡಿದವರು ಬಹಳ. ಬಾಲ್ ಬ್ಯಾಡ್ಮಿಂಟನ್ನಿಗೆ ಭಾರತದ ಒಕ್ಕೂಟ 1954ರಲ್ಲಿ ಆಯಿತು. ಅದರ ಅಂಕಣ 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದು ಕಡೆಗೆ ಐವರು. ಉಣ್ಣೆಯ ಚೆಂಡಿನ ತೂಕ ಕಾಕ್‌ನ ಐದರಷ್ಟಕ್ಕೂ ಹೆಚ್ಚು. ಸಮತಟ್ಟಾದ ನೆಲ, ಎರಡು ಕಂಬ, ಸುಣ್ಣದ ಗೆರೆ ಇದ್ದರೆ ಸಾಕು. ಒಂದು ಚೆಂಡು ಬಹಳ ದಿನ ಬಾಳುತ್ತದೆ. ಗರಿಯ ಕಾಕ್ ಒಂದೇ ಪಂದ್ಯದಲ್ಲಿ ಹಲವು ಮುರಿಯುತ್ತವೆ, ಅದಕ್ಕೆ ಎತ್ತರದ ಛಾವಣಿ ಬೇಕು, ಮುಚ್ಚಿದ ಕಿಟಕಿ ಬೇಕು, ಮರದ ನೆಲವಿದ್ದರೆ ಮತ್ತೂ ಒಳ್ಳೆಯದು. ಹೀಗೆ ಗಾಳಿಯನ್ನು ಹೊರಗಿಡುವ ಖರ್ಚನ್ನು ಭರಿಸಬಲ್ಲವರ ಕಡೆ ಒಂದು ಆಟವೂ, ಭರಿಸಲಾಗದ ಹಳ್ಳಿಯ ಪ್ರೌಢಶಾಲೆಗಳ ಕಡೆ ಇನ್ನೊಂದೂ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. 1992ರ ಬಾರ್ಸಿಲೋನಾದಲ್ಲಿ ಶಟಲ್ ಒಲಿಂಪಿಕ್ಸ್ ಪದಕದ ಆಟವಾದ ಮೇಲೆ ಹಣವೂ ಹೆಸರೂ ಅತ್ತಲೇ ಹರಿದವು, ಉಣ್ಣೆಯ ಚೆಂಡಿಗೆ ಸಿಕ್ಕಿದ್ದು ಜಿಲ್ಲಾ ಮಟ್ಟದ ಕ್ರೀಡಾಕೂಟದ ಗೌರವ.

ಗಾಳಿಯ ಮೇಲಿನ ಗೆಲುವಾದರೂ ಪೂರ್ತಿಯಾಗಿಲ್ಲ. ಸಾವಿರಾರು ಜನ ಕೂರುವ ಹವಾನಿಯಂತ್ರಿತ ಕ್ರೀಡಾಂಗಣಗಳಲ್ಲಿ ತಂಪು ಗಾಳಿಯ ಕೊಳವೆಗಳಿಂದಲೇ ಸೆಳವು ಹುಟ್ಟಿ ಕಾಕ್ ಒಂದು ಪಕ್ಕಕ್ಕೆ ವಾಲುವುದು ಇಂದಿನ ಆಟಗಾರರ ಸಾಮಾನ್ಯ ದೂರು. ಅವರ ಮಾತಿನಲ್ಲಿ ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ, ಗೇಮುಗಳ ನಡುವೆ ಬದಿ ಬದಲಾದಾಗ ಪಂದ್ಯದ ದಿಕ್ಕೇ ಬದಲಾಗುವುದು ಇದರಿಂದಲೇ. 2019ರ ಮೇ ತಿಂಗಳಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ ವಿಶ್ವ ಒಕ್ಕೂಟವು ಏರ್ ಬ್ಯಾಡ್ಮಿಂಟನ್ ಎಂಬ ಹೊಸ ಬಗೆಯನ್ನು ಆರಂಭಿಸಿತು. ಅದನ್ನು ಮರಳಿನ ಮೇಲೆ, ಹುಲ್ಲಿನ ಮೇಲೆ, ಬಯಲಿನಲ್ಲಿ ಆಡಬಹುದು. ಒಂದು ಕಡೆಗೆ ಮೂವರು ಆಡುವ ಬಗೆಯೂ ಉಂಟು. ಅದಕ್ಕಾಗಿ ಗಾಳಿಗೆ ಸುಲಭವಾಗಿ ಬಗ್ಗದ, ಗರಿಯಿಲ್ಲದ ಕಾಕ್ ಒಂದನ್ನು ವಿಶೇಷವಾಗಿ ರೂಪಿಸಲಾಗಿದೆ. ಪುಣೆಯ ಅಧಿಕಾರಿಗಳು ಸೀಸ ಮತ್ತು ರಬ್ಬರಿನಿಂದ ಮಾಡಹೊರಟದ್ದೂ ಇದನ್ನೇ. ತಂಜಾವೂರಿನ ಕಡೆಯವರು ಉಣ್ಣೆಯಿಂದ ಅದನ್ನು ಬಹಳ ಹಿಂದೆಯೇ ಮಾಡಿ ಮುಗಿಸಿದ್ದರು.